ಆ ಹದಿನೈದು ದಿನ ಇನ್ನೂ ಮುಗಿದಿಲ್ಲವೇ?

ಮಾನ್ಯ ಜಿಲ್ಲಾಧಿಕಾರಿಗಳೇ,

ಕಳೆದ ಶ್ರಾವಣದ ಜನಸ್ಪಂದನ ಸಭೆ ತಮಗೆ ನೆನಪಿರಬಹುದು. ನನ್ನ ಮಗಳ ಕೈ ಹಿಡಿದು ನೋಡಿ, ಪಕ್ಕದಲ್ಲಿದ್ದವರಿಗೆ "ಹದಿನೈದು ದಿನದೊಳಗೆ ಇವರ ಕೆಲಸ ಆಗಬೇಕು" ಎಂದಿರಿ. ಕೈಮುಗಿದು ಬಂದೆ. ಈಗ ಮತ್ತೆ ಶ್ರಾವಣ. ನಡುವೆ ಅವಳ ಆಧಾರಿಗೆ, ವಿಕಲಚೇತನರ ಪ್ರಮಾಣಪತ್ರಕ್ಕೆ ಎಂದು ಕೊಟ್ಟ ಅರ್ಜಿ ನಾಲ್ಕು. ಕಚೇರಿಗೆ ಅಲೆದದ್ದಕ್ಕೆ ಲೆಕ್ಕ ಇಟ್ಟಿಲ್ಲ.

ಅವಳಿಗಿರುವುದು ಅಪರ್ಟ್ ಸಿಂಡ್ರೋಮ್. ಫ್ರಾನ್ಸಿನ ವೈದ್ಯ ಅಪರ್ಟ್ 1906ರಲ್ಲೇ ವಿವರಿಸಿದ್ದು. ಎಫ್‌ಜಿಎಫ್‌ಆರ್2 ಎಂಬ ಜೀನಿನಲ್ಲಿ ಒಂದಕ್ಷರ ತಪ್ಪಿದರೆ ಸಾಕು, ತಲೆಬುರುಡೆಯ ಹೊಲಿಗೆಗಳು ಹೊತ್ತಿಗೆ ಮುಂಚೆ ಬೆಸೆದುಕೊಳ್ಳುತ್ತವೆ, ಕೈಕಾಲಿನ ಬೆರಳುಗಳು ಕೂಡಿಕೊಂಡೇ ಹುಟ್ಟುತ್ತವೆ. ಹೆಚ್ಚಿನ ಮಕ್ಕಳಲ್ಲಿ ಇದು ಹೊಸದಾಗಿ ಆಗುವಂಥದ್ದು, ಹೆತ್ತವರಲ್ಲಿ ಇರುವುದಿಲ್ಲ. ಇದನ್ನೆಲ್ಲ ಬರೆಯಬೇಕಾಗಿ ಬಂತು, ಏಕೆಂದರೆ ವೈದ್ಯಕೀಯ ಮಂಡಳಿಯಲ್ಲಿ ಕೂತಿದ್ದ ಡಾಕ್ಟರೊಬ್ಬರು "ಗ್ರಹಣದಲ್ಲಿ ಹೊರಗೆ ಬಂದಿದ್ರಾ?" ಎಂದು ಕೇಳಿದರು. ನಮ್ಮತ್ತೆಯೂ ಕೇಳಿದ್ದರು. ಅವರು ಸ್ಕೂಲಿನ ಮೆಟ್ಟಿಲು ಹತ್ತಿದವರಲ್ಲ.

ಬುರುಡೆಯ ಆಪರೇಷನ್ ಹತ್ತನೇ ತಿಂಗಳಲ್ಲೇ ಆಯಿತು. ಸಾಲದ ಕಥೆ ಬೇಡ. ಬಲಗೈಯ ಹೆಬ್ಬೆರಳು, ಕಿರುಬೆರಳು ಬಿಡಿಸಿದ್ದಾರೆ. ನಡುವಿನ ಮೂರು ಇನ್ನೂ ಒಂದೇ, ಉಗುರೂ ಒಂದೇ. ಬಿಡಿಸಿದ ಸಂದಿನಲ್ಲಿ ಬಳಪ ಸಿಗಿಸಿಕೊಂಡು, ನಾಲಿಗೆ ಕಚ್ಚಿಕೊಂಡು ‘ಅ’ ತಿದ್ದುತ್ತಾಳೆ. ಆಧಾರ್ ಕೇಂದ್ರದ ಹುಡುಗ ಅದೇ ಕೈಯನ್ನು ಗಾಜಿನ ಮೇಲೆ ಒತ್ತಿ ಒತ್ತಿ, "ಬೆರಳು ಬಿಡಿಸಿ ಇಡು ಪುಟ್ಟಾ" ಎಂದ. ಎರಡು ಬೆರಳು ಬಿಡಿಸಲು ಸರ್ಜನ್ನರಿಗೇ ಎರಡು ಸಲ ಬೇಕಾಗಿತ್ತು.

ಬೆರಳಚ್ಚು ಕೊಡಲಾಗದವರಿಗೆ ಕಣ್ಣಿನ ಪಾಪೆ ಸಾಕೆಂಬ ನಿಯಮವಿದೆ. ಪ್ರಿಂಟ್ ತೆಗೆಸಿ ನಾನೇ ಕೊಟ್ಟೆ. "ಮೇಲಿಂದ ಆರ್ಡರ್ ಬರಲಿ" ಎಂದರು. ಮೇಲೆ ಎಂದರೆ ಯಾರು ಸಾಹೇಬರೇ, ಹದಿನೈದು ದಿನ ಎಂದ ತಾವಲ್ಲವೇ? ವಿಕಲಚೇತನರ ಪ್ರಮಾಣಪತ್ರದ್ದೂ ಅದೇ ರಾಗ: 2016ರ ಕಾಯ್ದೆಯ 21 ವೈಕಲ್ಯಗಳಲ್ಲಿ ಈ ಹೆಸರಿಲ್ಲವಂತೆ. ಕೈಕಾಲಿನ ಚಲನೆಯ ವೈಕಲ್ಯ ಅದೇ ಪಟ್ಟಿಯಲ್ಲಿದೆಯಲ್ಲ! ಹೆಸರು ಹುಡುಕುವವರಿಗೆ ಕೈ ಕಾಣಲಿಲ್ಲ.

ಹದಿನೈದು ದಿನ ಎಂದು ನಾನು ಕೇಳಿರಲಿಲ್ಲ, ತಾವಾಗಿಯೇ ಹೇಳಿದ್ದು. ಮರುದಿನ ಅವಳ ಕೈ ಹಿಡಿದ ತಮ್ಮ ಫೋಟೊ ಪೇಪರಿನಲ್ಲಿ ಬಂತು. ಕತ್ತರಿಸಿ ಗೋಡೆಗೆ ಅಂಟಿಸಿದ್ದಳು, ಮೊನ್ನೆ ನಾನೇ ಕಿತ್ತೆ. ಈ ಜಿಲ್ಲೆಯಲ್ಲಿ ಪಿಂಚಣಿಯಾಗಲಿ, ಬಸ್ ಪಾಸಾಗಲಿ, ಖಾತೆಯಾಗಲಿ, ಯಾರದಾದರೂ ಕೈ ಬಿಸಿ ಮಾಡದೆ ಫೈಲು ಕದಲುವುದುಂಟೇ? ಸಭೆಗಳು ಮಾತ್ರ ತಪ್ಪದೆ ನಡೆಯುತ್ತವೆ, ಹಾರ ತುರಾಯಿ ಸಮೇತ.

ಸೋಮವಾರ ಹತ್ತೂವರೆಗೆ ನಿಮ್ಮ ಕಚೇರಿ ಬಾಗಿಲಲ್ಲಿ ಕೂರುತ್ತೇವೆ, ಮಗಳೂ ನಾನೂ. ಆಧಾರಿನ ಯಂತ್ರದವರನ್ನು, ಮಂಡಳಿಯ ಡಾಕ್ಟರನ್ನು ಅಲ್ಲಿಗೇ ಕರೆಸಿ. ಫೋಟೊದವರು ಬೇಡ.

ಇಂತಿ,
ಆ ಹುಡುಗಿಯ ತಾಯಿ