ಹೋಟೆಲ್ ಬಿಟ್ಟೆ ಸಾರ್, ಆಮೇಲೆ?

ಬೆಳಗಿನ ಜಾವ ಮಾಲೂರು ರೈಲು ನಿಲ್ದಾಣಕ್ಕೆ ಹೋದರೆ ಬೆಂಗಳೂರಿನ ಅವತ್ತಿನ ತಿಂಡಿ ಪ್ಲಾಟ್‌ಫಾರಂ ಮೇಲೆ ಆಕಳಿಸುತ್ತಾ ನಿಂತಿರುತ್ತದೆ. ದೋಸೆ ಹೊಯ್ಯುವವರು, ಚಟ್ನಿಗೆ ಕಾಯಿ ತುರಿಯುವವರು, ಲೋಟ ತೊಳೆಯುವವರು, ಟೇಬಲ್ ಒರೆಸುವವರು. ಮಾರಿಕುಪ್ಪಂನಿಂದ ಹೊರಟ ಗಾಡಿ ಬಂಗಾರಪೇಟೆಯಲ್ಲೇ ತುಂಬಿರುತ್ತದೆ. ನಮ್ಮೂರಿನವರಿಗೆ ಸಿಗುವುದು ಬಾಗಿಲ ಕಂಬಿ. ದಿನವಿಡೀ ನಿಂತು ದುಡಿಯುವವರಿಗೆ ಈಗಿಂದಲೇ ಅಭ್ಯಾಸವಾಗಲಿ ಎಂಬುದು ರೈಲ್ವೆಯವರ ಕಾಳಜಿ ಇರಬೇಕು.

ಆ ಗುಂಪಿನಲ್ಲಿ ನಮ್ಮ ಬೀದಿಯ ಹುಡುಗನೊಬ್ಬ ತಿಂಗಳಿಂದ ಕಾಣುತ್ತಿರಲಿಲ್ಲ. ಹುಡುಗ ಎಂದರೆ ವಯಸ್ಸು 36, ಇಬ್ಬರು ಮಕ್ಕಳ ತಂದೆ. ಹೋಟೆಲಿನಲ್ಲಿ ಇರುವಷ್ಟು ಕಾಲ ಸಪ್ಲೈಯರ್‌ಗೆ ವಯಸ್ಸಾಗುವುದಿಲ್ಲ, ಸಂಬಳಕ್ಕೂ ಅಷ್ಟೇ.

ಒಂದು ದಿನ ಬಸ್ ನಿಲ್ದಾಣದ ಹತ್ತಿರ ಸಿಕ್ಕ. "ಹೋಟೆಲ್ ಬಿಟ್ಬಿಟ್ಟೆ ಸಾರ್. ಮೈಯಲ್ಲಿ ಆಗ್ತಿಲ್ಲ. ಟೆನ್ಷನ್ ಇಲ್ದಿರೋ ಕೆಲಸ ಯಾವ್ದಾದ್ರೂ ಇದ್ರೆ ಹೇಳಿ" ಎಂದ. ವಾರವಾರ ಸರ್ಕಾರಕ್ಕೇ ಸಲಹೆ ಕೊಡುವ ನಾನು ಎರಡು ನಿಮಿಷ ಯೋಚಿಸಿದೆ. ಕೊನೆಗೆ "ಬಾ, ಕಾಫಿ ಕುಡಿಯೋಣ" ಎಂದೆ. ಕಾಫಿ ತಂದುಕೊಟ್ಟವನೂ ಒಬ್ಬ ಹುಡುಗನೇ, ತಲೆ ಅರ್ಧ ನರೆತಿತ್ತು.

ಅವನು ದುಡಿದದ್ದು ವೈಟ್‌ಫೀಲ್ಡ್ ಕಡೆಯ ಒಂದು ಹೋಟೆಲಿನಲ್ಲಿ, 14 ವರ್ಷ. ಬೆಳಿಗ್ಗೆ 7ರಿಂದ 12, ಸಂಜೆ 4ರಿಂದ 9. ನಡುವಿನ ನಾಲ್ಕು ಗಂಟೆಗೆ ಬ್ರೇಕ್ ಎಂದು ಹೆಸರು. ಆ ಹೊತ್ತಿನಲ್ಲಿ ಮಾಲೂರಿಗೆ ಬಂದು ಹೋಗುವುದು ಆಗದ ಮಾತು. ಸ್ಟೋರ್ ರೂಮಿನ ಮೈದಾ ಮೂಟೆಗೆ ಒರಗಿ ಕಣ್ಣು ಮುಚ್ಚಿದರೆ ತರಕಾರಿ ಲೋಡ್ ಬರುತ್ತದೆ, "ಇಲ್ಲೇ ಇದ್ದೀಯಲ್ಲ, ಇಳಿಸು" ಎನ್ನುತ್ತಾರೆ. ಮನೆ ಬಿಡುವುದು 5ಕ್ಕೆ, ಸೇರುವುದು 11ಕ್ಕೆ. ಮಕ್ಕಳು ಎಷ್ಟು ಎತ್ತರ ಬೆಳೆದಿದ್ದಾರೆಂದು ಅವನು ನೋಡುತ್ತಿದ್ದದ್ದು ಅವರು ಮಲಗಿದ್ದಾಗ, ಅಡ್ಡಡ್ಡಲಾಗಿ.

ಹೀಗಾಗಬಾರದೆಂದು ಕಾನೂನು ಇಲ್ಲವೇ? ಸೊಗಸಾದದ್ದೇ ಇದೆ. ಕರ್ನಾಟಕ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆ, 1961. ಹೋಟೆಲುಗಳೂ ಅದರ ವ್ಯಾಪ್ತಿಯಲ್ಲಿವೆ. ದಿನಕ್ಕೆ 9 ಗಂಟೆ, ವಾರಕ್ಕೆ 48 ಗಂಟೆ ಕೆಲಸ. ಐದು ಗಂಟೆಗಿಂತ ಹೆಚ್ಚು ಸತತವಾಗಿ ದುಡಿಸುವಂತಿಲ್ಲ, ನಡುವೆ ಒಂದು ಗಂಟೆ ವಿಶ್ರಾಂತಿ ಕೊಡಬೇಕು. ಬೆಳಿಗ್ಗೆ ಕೆಲಸಕ್ಕೆ ಕೈಹಾಕಿದಾಗಿನಿಂದ ರಾತ್ರಿ ಕೈ ತೊಳೆಯುವವರೆಗೆ, ಬ್ರೇಕೂ ಸೇರಿ, 12 ಗಂಟೆ ದಾಟಬಾರದು. ವಾರಕ್ಕೊಂದು ಪೂರ್ತಿ ದಿನ ರಜೆ. ಈ ಕಾಯ್ದೆ ಬಂದ ವರ್ಷ ಹುಟ್ಟಿದವರು ಈಗ ನಿವೃತ್ತರಾಗಿ ಪಾರ್ಕಿನಲ್ಲಿ ವಾಕಿಂಗ್ ಮಾಡುತ್ತಿದ್ದಾರೆ. ವಾರದ ರಜೆ ಮಾತ್ರ ಇನ್ನೂ ಡ್ಯೂಟಿಗೆ ಹಾಜರಾಗಿಲ್ಲ.

ಅವನೂ ಒಮ್ಮೆ ಗಲ್ಲಾದ ಮುಂದೆ ನಿಂತು ಕೇಳಿದ್ದನಂತೆ. "ಹೋಟೆಲ್ ಲೈನಲ್ಲಿ ರಜೆ ಎಲ್ಲಿ ಬರುತ್ತಪ್ಪ" ಎಂದರಂತೆ ಯಜಮಾನರು. ಬೈದು ಹೇಳಿದ್ದಲ್ಲ, ನಗುನಗುತ್ತಾ ಹೇಳಿದ್ದು. ಬೈದಿದ್ದರೆ ಒಂದು ದೂರಾದರೂ ಕೊಡಬಹುದಿತ್ತು.

2021ರ ಜನವರಿಯಲ್ಲಿ ಸರ್ಕಾರ ಇನ್ನೊಂದು ಆದೇಶ ಹೊರಡಿಸಿತು. ಹತ್ತು ಅಥವಾ ಹೆಚ್ಚು ಜನ ಕೆಲಸ ಮಾಡುವ ಅಂಗಡಿ, ಹೋಟೆಲುಗಳು ದಿನದ 24 ಗಂಟೆಯೂ ಬಾಗಿಲು ತೆರೆದಿರಬಹುದು. ಆದರೆ ಹೆಚ್ಚುವರಿ ಜನರನ್ನು ಇಟ್ಟುಕೊಂಡು ಪ್ರತಿಯೊಬ್ಬರಿಗೂ ಸರದಿಯ ಮೇಲೆ ವಾರದ ರಜೆ ಕೊಡಬೇಕು. ನಮ್ಮ ಕಣ್ಣಿಗೆ ಬಿದ್ದದ್ದು ಆದೇಶದ ಮೊದಲ ಭಾಗ ಮಾತ್ರ. 'ಆದರೆ' ನಂತರದ ಭಾಗ ಕಡತದೊಳಗೆ ಮಲಗಿತು. ಇಡೀ ಏರ್ಪಾಟಿನಲ್ಲಿ ಯಾರಾದರೂ ಒಬ್ಬರಿಗೆ ನಿದ್ದೆ ಸಿಗಬೇಕಲ್ಲ.

ನಾವೂ ಸಾಚಾಗಳೇನಲ್ಲ. ಬೆಳಗಿನ ನಾಲ್ಕಕ್ಕೆ ಹೊಸಕೋಟೆಗೆ ಕಾರು ಹತ್ತಿಕೊಂಡು ಹೋಗಿ ಬಿರಿಯಾನಿಗೆ ಸರತಿ ನಿಲ್ಲುತ್ತೇವೆ, ಫೋಟೊ ತೆಗೆದು ಗೆಳೆಯರಿಗೆ ಕಳಿಸುತ್ತೇವೆ. ನಾಲ್ಕಕ್ಕೆ ದಮ್ ಬಿಚ್ಚಬೇಕಾದರೆ ಈರುಳ್ಳಿ ಹೆಚ್ಚಿದವನು ಎಷ್ಟು ಹೊತ್ತಿಗೆ ಎದ್ದಿರಬೇಕು, ಅಥವಾ ಮಲಗಿದ್ದನೇ ಎಂದು ಯಾರೂ ಕೇಳುವುದಿಲ್ಲ. ಎರಡನೇ ಸಲ ಸೇರ್ವೆ ತರುವುದು ತಡವಾಯಿತೆಂದು ಮಾತ್ರ ಕೇಳುತ್ತೇವೆ.

14 ವರ್ಷ ದುಡಿದವನ ಕೈಯಲ್ಲಿ ಏನಿದೆ? ಭವಿಷ್ಯ ನಿಧಿ ಕಾಯ್ದೆ ಅನ್ವಯವಾಗುವುದು 20 ಜನ ಇರುವ ಕಡೆ. ಅವನ ಹೋಟೆಲಿನಲ್ಲಿ ಯಾವಾಗ ಎಣಿಸಿದರೂ ಪುಸ್ತಕದಲ್ಲಿ 19 ಜನ. ಇಪ್ಪತ್ತನೆಯವನು ಅಡುಗೆಮನೆಯಲ್ಲಿ ಇರುತ್ತಿದ್ದ, ಪುಸ್ತಕದಲ್ಲಿ ಇರುತ್ತಿರಲಿಲ್ಲ. ಅನುಭವ ಪತ್ರ ಕೇಳಿದರೆ, "ನಮ್ಮಲ್ಲಿ ಅದೆಲ್ಲ ಕೊಡೋ ಪದ್ಧತಿ ಇಲ್ಲ" ಎಂದರು. ಹೀಗೆ ಸೊಂಟನೋವಿನ ಮೂರು ಪಟ್ಟಿ ಸವೆಸಿದ ಮನುಷ್ಯ ಹೊಸ ಕೆಲಸದ ಅರ್ಜಿಯಲ್ಲಿ 'ಫ್ರೆಷರ್'.

ಸ್ಫೂರ್ತಿ ತುಂಬುವ ಭಾಷಣಕಾರರಿಗೆ ಇದೆಲ್ಲ ಬೇಡ. ಅವರ ಬಳಿ ಕೆ. ಕೃಷ್ಣರಾಯರ ಕಥೆ ಇದೆ. ಉಡುಪಿ ಕಡೆಯಿಂದ ಮದ್ರಾಸಿಗೆ ಹೋಗಿ ಹೋಟೆಲಿನ ಚಾಕರಿಯಿಂದ ಶುರುಮಾಡಿ 1938ರಲ್ಲಿ ವುಡ್‌ಲ್ಯಾಂಡ್ಸ್ ಕಟ್ಟಿದವರು. ಕಥೆ ನಿಜ, ಮನುಷ್ಯ ದೊಡ್ಡವರು. ಅವರ ಜೊತೆಯಲ್ಲಿ ತಟ್ಟೆ ತೊಳೆಯುತ್ತಿದ್ದ ಉಳಿದವರು ಏನಾದರು ಎಂಬುದು ಮಾತ್ರ ಯಾವ ಭಾಷಣದಲ್ಲೂ ಬರುವುದಿಲ್ಲ.

ಹಾಗಾದರೆ ಫ್ಯಾಕ್ಟರಿ? ನಮ್ಮ ಕೋಲಾರ ಜಿಲ್ಲೆಗೆ ಇಪ್ಪತ್ತು ವರ್ಷಗಳಿಂದ ಹೇಳುತ್ತಿರುವ ಮಾತೇ ಅದು. ಮಾಲೂರಿನಲ್ಲಿ ಹೆಂಚು, ಇಟ್ಟಿಗೆಯ ಗೂಡುಗಳ ಪಕ್ಕದಲ್ಲೇ ಕೈಗಾರಿಕಾ ಪ್ರದೇಶ ಎದ್ದಿದೆ. ಅತ್ತ ನರಸಾಪುರದಲ್ಲಿ ಬೈಕ್ ಕಾರ್ಖಾನೆ, ಐಫೋನ್ ಕಾರ್ಖಾನೆ. ಕುಳಿತು ಮಾಡುವ ಕೆಲಸ, ಎಸಿ, ಕಂಪನಿ ಬಸ್ಸು, ಕ್ಯಾಂಟೀನ್ ಊಟ. ಜಮೀನು ಕೊಟ್ಟವರಿಗೂ ಹೀಗೇ ಹೇಳಿದ್ದರು.

2020ರ ಡಿಸೆಂಬರ್ 12ರ ಬೆಳಿಗ್ಗೆ ನರಸಾಪುರದಲ್ಲಿ ಐಫೋನ್ ತಯಾರಿಸುತ್ತಿದ್ದ ವಿಸ್ಟ್ರಾನ್ ಘಟಕದಲ್ಲಿ ರಾತ್ರಿ ಪಾಳಿ ಮುಗಿಸಿದವರು ಗಾಜು ಒಡೆದರು, ಗಾಡಿ ಉರುಳಿಸಿದರು. 21,000 ರೂಪಾಯಿ ಎಂದು ಕರೆತಂದು 16,000ಕ್ಕೆ, ಆಮೇಲೆ 12,000ಕ್ಕೆ ಇಳಿಸಿದರು ಎಂಬುದು ಇಂಜಿನಿಯರಿಂಗ್ ಓದಿದವರ ದೂರು. ಎಂಟು ಗಂಟೆಯ ಪಾಳಿ 12 ಗಂಟೆಯಾಗಿತ್ತು. ಒಡೆದದ್ದು ತಪ್ಪು, ಅದರಲ್ಲಿ ಎರಡು ಮಾತಿಲ್ಲ. ಕಂಪನಿ ಮೊದಲು ನಷ್ಟ 437 ಕೋಟಿ ಎಂದು ದೂರು ಕೊಟ್ಟಿತು, ಆಮೇಲೆ ಅದೇ ಲೆಕ್ಕ ಹತ್ತಾರು ಕೋಟಿಗೆ ಇಳಿಯಿತು. ಆ ಕಾರ್ಖಾನೆಯಲ್ಲಿ ಇಳಿಯುವುದು ಸಂಬಳ ಒಂದೇ ಅಲ್ಲವೆಂದು ಆಗ ಗೊತ್ತಾಯಿತು.

ಈಗ ಘಟಕ ಟಾಟಾದವರ ಕೈಯಲ್ಲಿದೆ. 12 ಗಂಟೆಯ ವಿಚಾರ ಸರ್ಕಾರದ ಮನಸ್ಸಿನಲ್ಲೂ ಉಳಿದಿತ್ತೋ ಏನೋ, 2023ರಲ್ಲಿ ವಿಧಾನಸಭೆ ಕಾರ್ಖಾನೆ ಕಾಯ್ದೆಗೆ ತಿದ್ದುಪಡಿ ತಂದು, ವಾರಕ್ಕೆ 48 ಗಂಟೆಯ ಮಿತಿಯೊಳಗೆ ದಿನಕ್ಕೆ 12 ಗಂಟೆವರೆಗೂ ದುಡಿಸಲು ದಾರಿ ಮಾಡಿತು. ಸಮಸ್ಯೆ ಪರಿಹರಿಸುವುದಕ್ಕಿಂತ ಅದನ್ನು ಕಾಯ್ದೆಗೆ ಸೇರಿಸುವುದು ಸುಲಭ.

2025ರ ಜೂನ್‌ನಲ್ಲಿ ಅಂಗಡಿ ಕಾಯ್ದೆಯ 9 ಗಂಟೆಯನ್ನೂ 10 ಮಾಡುವ ಪ್ರಸ್ತಾವ ಬಂತು. ಐಟಿ ನೌಕರರ ಸಂಘದವರು ಜೋರಾಗಿ ವಿರೋಧಿಸಿದರು, ಟಿವಿಯಲ್ಲಿ ಚರ್ಚೆಯಾಯಿತು. ಸರಿಯಾಗಿಯೇ ವಿರೋಧಿಸಿದರು. ನಮ್ಮ ಹುಡುಗ ಆ ಸುದ್ದಿ ಕೇಳಿ, "ಬರೀ ಹತ್ತೇನಾ ಸಾರ್?" ಎಂದು ಆಸೆಯಿಂದ ಕೇಳಿದ.

ಉಳಿದ ದಾರಿಗಳನ್ನು ಅವನೇ ನೋಡಿ ಬಂದಿದ್ದ. ಸೆಕ್ಯೂರಿಟಿ ಗಾರ್ಡ್: ಅಲ್ಲೂ 12 ಗಂಟೆ, ಬದಲಿ ಗಾರ್ಡ್ ಬರದಿದ್ದರೆ 24. ಒಂದೇ ಲಾಭ, ಅಲ್ಲಿ ಕುರ್ಚಿ ಇದೆ. ಆಮೇಲೆ ಹದಿನೈದು ದಿನ ಊಟ ಡೆಲಿವರಿ ಮಾಡಿದ. ಮೊದಲು ಊಟವನ್ನು ಟೇಬಲಿಗೆ ಒಯ್ಯುತ್ತಿದ್ದವನು ಮನೆ ಬಾಗಿಲಿಗೆ ಒಯ್ದ. ಪೆಟ್ರೋಲು ಅವನದು, ಬೈಕು ಅವನದು, ಬಿಸಿಲೂ ಅವನದೇ. ಗಿಗ್ ಕಾರ್ಮಿಕರಿಗಾಗಿ ರಾಜ್ಯ 2025ರಲ್ಲಿ ಕಾಯ್ದೆ ಮಾಡಿದೆ, ಅದಕ್ಕೊಂದು ಮಂಡಳಿ, ಒಂದು ನಿಧಿ. ಒಳ್ಳೆಯದೇ. ಒಂದು ದಿನ ಅವನು ಆರ್ಡರ್ ಹಿಡಿಯಲು ತನ್ನ ಹಳೆಯ ಹೋಟೆಲಿನ ಮುಂದೆಯೇ ನಿಲ್ಲಬೇಕಾಯಿತು. ಯಜಮಾನರು "ಹೊರಗೆ ನಿಲ್ಲಪ್ಪ" ಎಂದರಂತೆ. 14 ವರ್ಷದಲ್ಲಿ ಅವನಿಗೆ ಹೊರಗೆ ಹೋಗಲು ಹೇಳಿದ್ದು ಅದೇ ಮೊದಲು.

ಸರ್ಕಾರಿ ಯೋಜನೆಗಳ ಬಗ್ಗೆ ಹೆಚ್ಚು ಹೇಳುವುದಿಲ್ಲ. ಯುವನಿಧಿ ಪದವೀಧರರಿಗೆ 3,000, ಡಿಪ್ಲೊಮಾ ಆದವರಿಗೆ 1,500. ಇವನು ಎಸ್ಸೆಸ್ಸೆಲ್ಸಿ. ಪಿಎಂ ವಿಶ್ವಕರ್ಮದಲ್ಲಿ 18 ಕಸುಬುಗಳಿವೆ: ಬಡಗಿ, ಕಮ್ಮಾರ, ಕ್ಷೌರಿಕ, ದರ್ಜಿ, ಹೂಮಾಲೆ ಕಟ್ಟುವವರು, ಮೀನಿನ ಬಲೆ ಹೆಣೆಯುವವರು. ದೋಣಿ ಮಾಡುವವರೂ ಇದ್ದಾರೆ, ಅಡುಗೆ ಮಾಡುವವರಿಲ್ಲ. ಕೋಲಾರ ಜಿಲ್ಲೆಯಲ್ಲಿ ದೋಣಿ ಮಾಡಿ ಎಲ್ಲಿ ಬಿಡುವುದೆಂದು ಯೋಜನೆಯಲ್ಲಿ ಹೇಳಿಲ್ಲ.

ಕೆಲಸ ಬಿಡುವುದು ಬೇರೆ, ಕೆಲಸವೇ ನಮ್ಮನ್ನು ಬಿಡುವುದು ಬೇರೆ. ಎರಡನೆಯದು ನಮ್ಮ ಜಿಲ್ಲೆಗೆ ಚೆನ್ನಾಗಿ ಗೊತ್ತು. 2001ರ ಫೆಬ್ರುವರಿ 28ರಂದು ಕೆಜಿಎಫ್ ಗಣಿ ಮುಚ್ಚಿತು. ಚಿನ್ನ ತೆಗೆದವರ ಮಕ್ಕಳು ಅಂದಿನಿಂದ ಇದೇ ರೈಲಿನಲ್ಲಿ ಬೆಂಗಳೂರಿಗೆ ಹೋಗಿಬರುತ್ತಿದ್ದಾರೆ. ಪರ್ಯಾಯ ಉದ್ಯೋಗದ ಭರವಸೆ ಪ್ರತಿ ಚುನಾವಣೆಯಲ್ಲೂ ಅವರ ಜೊತೆ ರೈಲು ಹತ್ತುತ್ತದೆ, ಅದಕ್ಕೆ ಮಾತ್ರ ಸೀಟು ಸಿಗುತ್ತದೆ.

ಹೋಟೆಲಿನವರಿಗೆ ಸರಿಯಾದ ಬಿಡುಗಡೆ ಎಂದಾದರೂ ಸಿಕ್ಕಿದೆಯೇ ಎಂದು ಹುಡುಕಿದರೆ ಎರಡು ಉದಾಹರಣೆ ಸಿಗುತ್ತವೆ. ಎರಡೂ ಬೆಂಗಳೂರಿನವು.

ಒಂದು ಮಾವಳ್ಳಿ ಟಿಫಿನ್ ರೂಮ್ಸ್. 1924ರಲ್ಲಿ ಶುರುವಾದ ಹೋಟೆಲು. ತುರ್ತು ಪರಿಸ್ಥಿತಿಯಲ್ಲಿ ತಿಂಡಿಯ ಬೆಲೆಯನ್ನು ಸರ್ಕಾರ ನಿಗದಿ ಮಾಡಿತು. ಆ ದರಕ್ಕೆ ಆ ಗುಣಮಟ್ಟ ಸಾಧ್ಯವಿಲ್ಲವೆಂದು ಮಾಲೀಕರಾದ ಮಯ್ಯರು ಹೋಟೆಲನ್ನೇ ಮುಚ್ಚಿದರು. ಕೆಲಸಗಾರರನ್ನು ಬೀದಿಗೆ ಬಿಡದೆ ಸಾಂಬಾರಿನ ಪುಡಿ, ರವೆ ಇಡ್ಲಿ ಮಿಕ್ಸ್ ತಯಾರಿಕೆಗೆ ಹಚ್ಚಿದರು. ಆ ಪೊಟ್ಟಣದ ವ್ಯಾಪಾರ ಎಷ್ಟು ಬೆಳೆಯಿತೆಂದರೆ 2007ರಲ್ಲಿ ನಾರ್ವೆಯ ಓರ್ಕ್ಲಾ ಕಂಪನಿ ಬಂದು ಕೊಂಡಿತು. ಹೋಟೆಲ್ ಕಾರ್ಮಿಕರಿಗೆ ವೃತ್ತಿ ಬದಲಾಯಿಸಿಕೊಟ್ಟ ಏಕೈಕ ಸರ್ಕಾರಿ ಕಾರ್ಯಕ್ರಮ ತುರ್ತು ಪರಿಸ್ಥಿತಿ ಎಂದಾಯಿತು.

ಇನ್ನೊಂದು ಇಂಡಿಯಾ ಕಾಫಿ ಹೌಸ್. ಕಾಫಿ ಮಂಡಳಿ ದೇಶದ ಉದ್ದಗಲಕ್ಕೂ ಕಾಫಿ ಹೌಸ್ ನಡೆಸುತ್ತಿತ್ತು. ಐವತ್ತರ ದಶಕದ ನಡುವೆ ಮುಚ್ಚಲು ಹೊರಟಿತು. ಪೇಟ ಸುತ್ತಿ ಕಾಫಿ ಕೊಡುತ್ತಿದ್ದವರಿಗೆ ಮನೆಗೆ ಹೋಗಿ ಎಂದಿತು. ಅವರು ಬೇರೆ ಕೆಲಸ ಹುಡುಕಲಿಲ್ಲ. ಕಮ್ಯುನಿಸ್ಟ್ ನಾಯಕ ಎ.ಕೆ. ಗೋಪಾಲನ್ ಅವರ ಮುಂದಾಳತ್ವದಲ್ಲಿ ಹೋರಾಡಿ, ಕಾಫಿ ಹೌಸನ್ನು ನಮಗೇ ಕೊಡಿ ಎಂದರು. ದೇಶದ ಮೊದಲ ಕಾಫಿ ಕಾರ್ಮಿಕರ ಸಹಕಾರ ಸಂಘ 1957ರ ಆಗಸ್ಟ್ 19ರಂದು ಬೆಂಗಳೂರಿನಲ್ಲಿ ಹುಟ್ಟಿತು. ಟ್ರೇ ಹಿಡಿದವನೇ ಮಾಲೀಕನಾದ. ಎಂ.ಜಿ. ರಸ್ತೆಯ ಕಾಫಿ ಹೌಸ್ 2009ರಲ್ಲಿ ಆ ಜಾಗ ಕಳೆದುಕೊಂಡಿತು, ನಿಜ. ಆಗಲೂ ಬಾಗಿಲು ಹಾಕಿಕೊಂಡು ಹೋಗದೆ ಚರ್ಚ್ ಸ್ಟ್ರೀಟ್‌ಗೆ ಬಂತು. 1957ರಲ್ಲಿ ಅವರು ಬಿಟ್ಟದ್ದು ಯಜಮಾನನನ್ನು, ಕಸುಬನ್ನಲ್ಲ. ಉದ್ಯೋಗ ಮೇಳದ ಮಳಿಗೆಗಳಲ್ಲಿ ಈ ಆಯ್ಕೆಯ ಕರಪತ್ರ ನನಗೆ ಈವರೆಗೆ ಸಿಕ್ಕಿಲ್ಲ.

(ಮೂರನೆಯದೂ ಇದೆ ಎನ್ನಬಹುದು. 1983ರಲ್ಲಿ ಜಯನಗರದಲ್ಲಿ ಕೆಫೆ ದರ್ಶಿನಿ ಬಂದಮೇಲೆ ಗಿರಾಕಿಯೇ ಕೌಂಟರಿನಿಂದ ತಿಂಡಿ ಹೊತ್ತು ನಿಂತು ತಿನ್ನತೊಡಗಿದ. ಸಪ್ಲೈಯರ್‌ಗೆ ಕುರ್ಚಿ ಕೊಡಲಾಗಲಿಲ್ಲ, ನಮ್ಮದನ್ನೇ ಕಿತ್ತುಕೊಂಡರು.)

ಈ ಎರಡೂ ಕಥೆಗಳನ್ನು ಅವನಿಗೆ ಹೇಳಿದೆ. ಕಾಫಿ ಹೌಸಿನದು ಅವನಿಗೆ ಹಿಡಿಸಿತು. "ನಮಗೆ ನಾವೇ ಯಜಮಾನ್ರಾದ್ರೆ ಟೆನ್ಷನ್ ಇಲ್ಲ ಅಲ್ವಾ ಸಾರ್" ಎಂದು ಎದ್ದು ಹೋದ. ಸಹಕಾರ ಸಂಘಕ್ಕೆ ಹತ್ತು ಜನ ಎಲ್ಲಿ ಸಿಗಬೇಕು? ಹೆಂಡತಿಯ ಓಲೆ ಅಡವಿಟ್ಟು ಊರಲ್ಲೇ ಒಂದು ತಳ್ಳುಗಾಡಿ ಹಾಕಿದ. ಬೆಳಿಗ್ಗೆ ಇಡ್ಲಿ, ಚಿತ್ರಾನ್ನ, ಸಂಜೆ ಬಜ್ಜಿ. ಹಿಟ್ಟು ರುಬ್ಬಲು ಮೂರಕ್ಕೇ ಏಳುತ್ತಾನೆ, ಆದರೆ ಮಧ್ಯಾಹ್ನ ಮನೆಯಲ್ಲಿ ಚಾಪೆಯ ಮೇಲೆ ಮಲಗುತ್ತಾನೆ. ಮಕ್ಕಳನ್ನು ಈಗ ನಿಂತಿರುವಾಗಲೇ ನೋಡುತ್ತಾನೆ.

ನಿನ್ನೆ ತಿಂಡಿಗೆ ಹೋಗಿದ್ದೆ. ಗಾಡಿ ಮುಂದೆ ಒಳ್ಳೆಯ ಗುಂಪು. ಒಬ್ಬನೇ ಚಟ್ನಿ ಬಡಿಸುತ್ತಾ, ಚಿಲ್ಲರೆ ಎಣಿಸುತ್ತಾ, ತಟ್ಟೆ ಅದ್ದುತ್ತಾ ಬೆವರಿಳಿಸುತ್ತಿದ್ದ. "ಕೈಗೆ ಒಬ್ಬ ಹುಡುಗ ಬೇಕಾಗಿದ್ದಾನೆ ಸಾರ್, ಯಾರಾದ್ರೂ ಇದ್ರೆ ಹೇಳಿ" ಎಂದ.

"ವಾರಕ್ಕೊಂದು ರಜೆ ಕೊಡ್ತೀಯಾ?" ಎಂದೆ.

ಇನ್ನೊಂದು ಇಡ್ಲಿ ನನ್ನ ತಟ್ಟೆಗೆ ಹಾಕಿ ನಕ್ಕ. "ಹೋಟೆಲ್ ಲೈನಲ್ಲಿ ರಜೆ ಎಲ್ಲಿ ಬರುತ್ತೆ ಸಾರ್."