ವಾಕ್ಯ ಓದಿದ ಮೇಲೆ ಪುಸ್ತಕ ಮುಚ್ಚಬೇಡಿ

ಕನ್ನಡ ಸಭೆಗಳ ಸಭಾಪಾಲಕರೇ, ಹಿರಿಯರೇ, ಭಾನುವಾರದ ಆರಾಧನೆಯನ್ನು ತಪ್ಪಿಸದ ಅಣ್ಣಂದಿರೇ, ಅಕ್ಕಂದಿರೇ,

ನಮ್ಮ ಪ್ರಸಂಗಗಳು ಹಗುರಾಗುತ್ತಿವೆ. ಚಿಕ್ಕವಾಗುತ್ತಿವೆ ಎಂದು ನಾನು ದೂರುತ್ತಿಲ್ಲ. ಹತ್ತೇ ನಿಮಿಷದಲ್ಲಿ ತೂಕದ ಪ್ರಸಂಗ ಮಾಡಬಲ್ಲವರಿದ್ದಾರೆ. ಉದ್ದವಾದ ಮಾತ್ರಕ್ಕೆ ಒಳ್ಳೆಯದಾಗುವುದೂ ಇಲ್ಲ. ಪೌಲನೇ ಮಧ್ಯರಾತ್ರಿಯ ತನಕ ಮಾತಾಡಿದಾಗ ಕಿಟಕಿಯಲ್ಲಿ ಕೂತಿದ್ದ ಯೂತಿಖನೆಂಬ ಹುಡುಗ ತೂಕಡಿಸಿ ಮೂರನೆಯ ಅಂತಸ್ತಿನಿಂದ ಬಿದ್ದದ್ದನ್ನು ಸತ್ಯವೇದ ಮುಚ್ಚಿಟ್ಟಿಲ್ಲ. ನನ್ನ ದೂರು ಬೇರೆ. ಆರಾಧನೆಯಲ್ಲಿ ಓದುವ ವಾಕ್ಯಕ್ಕೂ ಅದರ ಹೆಸರಲ್ಲಿ ಮಾಡುವ ಪ್ರಸಂಗಕ್ಕೂ ನಂಟೇ ಇಲ್ಲದಂತಾಗುತ್ತಿದೆ.

ಇತ್ತೀಚೆಗೆ ಒಂದು ಸಭೆಯಲ್ಲಿ ಯೆರೆಮೀಯನ ಗ್ರಂಥದ 29ನೇ ಅಧ್ಯಾಯ, 11ನೇ ವಚನದ ಮೇಲೆ ಪ್ರಸಂಗ ಕೇಳಿದೆ. ದೇವರು ತನ್ನ ಜನರ ಬಗ್ಗೆ ಹಿತವನ್ನೇ ಯೋಚಿಸುತ್ತಾನೆ ಎನ್ನುವ ವಚನ ಅದು. ಹೊಸ ವರ್ಷದ ವಾಗ್ದಾನದ ಕಾರ್ಡು, ಗೋಡೆಯ ಕ್ಯಾಲೆಂಡರು, ಕಾರಿನ ಹಿಂದಿನ ಗಾಜು, ಎಲ್ಲೆಲ್ಲೂ ಕಾಣುವಂಥದ್ದು. ಪ್ರಸಂಗಿಗಳು ವಚನ ಓದಿ ಪುಸ್ತಕ ಮುಚ್ಚಿದರು. ಆಮೇಲೆ ವಾಟ್ಸಾಪ್‌ನಲ್ಲಿ ಬಂದ ಒಂದು ಜೋಕು, ಸೋತು ಗೆದ್ದ ಕ್ರಿಕೆಟ್ ಆಟಗಾರನ ಕಥೆ, ತಡವಾದ ಪ್ರಮೋಷನ್ನಿನ ಬಗ್ಗೆ ಒಂದಿಷ್ಟು ಧೈರ್ಯದ ಮಾತು. ಕೊನೆಗೆ, ಪಕ್ಕದಲ್ಲಿ ಕೂತವರ ಕೈ ಹಿಡಿದು “ಇದು ನಿನ್ನ ವರ್ಷ” ಎಂದು ಹೇಳಿಸಿದರು. ಸಭೆ ನಕ್ಕಿತು, ಆಮೆನ್ ಎಂದಿತು. ಅದೇ ಬೆಂಚುಗಳಲ್ಲಿ ಕೆಲಸ ಕಳೆದುಕೊಂಡವರಿದ್ದರು, ವಾರವಾರ ಡಯಾಲಿಸಿಸ್‌ಗೆ ಹೋಗುವವರೂ ಇದ್ದರು.

ಆ ಅಧ್ಯಾಯದಲ್ಲಿ ಇರುವುದು ಒಂದು ಕಾಗದ. ಕ್ರಿ.ಪೂ. 597ರಲ್ಲಿ ಬಾಬೆಲಿನ ಅರಸ ನೆಬೂಕದ್ನೆಚ್ಚರನು ಯೆರೂಸಲೇಮಿನಿಂದ ಸೆರೆಹಿಡಿದು ಒಯ್ದವರಿಗೆ ಯೆರೆಮೀಯ ಬರೆದು ಕಳಿಸಿದ್ದು. ಬಿಡುಗಡೆಗೆ ಎಪ್ಪತ್ತು ವರ್ಷ ತುಂಬಬೇಕು ಎಂದು 10ನೇ ವಚನದಲ್ಲೇ ಇದೆ. ಅಂದರೆ ಆ ಕಾಗದ ಕೇಳಿಸಿಕೊಂಡ ಹಿರಿಯರಲ್ಲಿ ಹೆಚ್ಚಿನವರು ಹುಟ್ಟೂರನ್ನು ಮತ್ತೆ ಕಾಣದೆ ಅಲ್ಲೇ ಮಣ್ಣಾಗಬೇಕು. ಅದಕ್ಕೇ ಅವರಿಗೆ ಹೇಳಿದ್ದು: ಮನೆ ಕಟ್ಟಿಕೊಳ್ಳಿ, ತೋಟ ಮಾಡಿ, ಮಕ್ಕಳಿಗೆ ಮದುವೆ ಮಾಡಿಸಿ, ನಿಮ್ಮನ್ನು ಸೆರೆಯಿಟ್ಟ ಊರಿನ ಕ್ಷೇಮಕ್ಕಾಗಿಯೂ ಪ್ರಾರ್ಥಿಸಿ.

ಒಂದು ಹಾಳೆ ಹಿಂದಕ್ಕೆ ತಿರುಗಿಸಿದರೆ ಹನನ್ಯ ಸಿಗುತ್ತಾನೆ. ಅವನೂ ಪ್ರವಾದಿ ಎನಿಸಿಕೊಂಡವನೇ. ದೇವಾಲಯದಲ್ಲಿ, ಯಾಜಕರ ಮತ್ತು ಎಲ್ಲ ಜನರ ಎದುರಿಗೆ, ಎರಡೇ ವರ್ಷದಲ್ಲಿ ಎಲ್ಲರೂ ಹಿಂದಿರುಗುತ್ತಾರೆ ಎಂದು ಸಾರಿದ. ಯೆರೆಮೀಯನ ಹೆಗಲ ಮೇಲಿದ್ದ ನೊಗವನ್ನು ಕಿತ್ತು ಮುರಿದ. ಹಾಗೇ ಆಗಲಿ ಎಂದು ಯೆರೆಮೀಯನೂ ಬಾಯಿತುಂಬ ಆಮೆನ್ ಅಂದಿದ್ದ. ಆದರೆ ಹನನ್ಯನದು ದೇವರು ಹೇಳದ ಮಾತಾಗಿತ್ತು. ಅಂಥ ಸಿಹಿಮಾತುಗಳನ್ನು ನಂಬಬೇಡಿ ಎಂದು ಎಚ್ಚರಿಸುವ ಕಾಗದದಿಂದ ಒಂದು ಸಾಲನ್ನು ಕಿತ್ತು ತಂದು, ಅದನ್ನೇ ಹನನ್ಯನ ಪ್ರಸಂಗವಾಗಿ ಮಾಡಿಬಿಡುತ್ತಿದ್ದೇವೆ. ನಷ್ಟ ಯಾರಿಗೆ? ಡಯಾಲಿಸಿಸ್‌ಗೆ ಹೋಗುವವರಿಗೆ. ಈ ವರ್ಷ ಬಿಡುಗಡೆ ಸಿಗದಿದ್ದರೂ ದೇವರು ಕೈಬಿಟ್ಟಿಲ್ಲ, ಸೆರೆಯ ಊರಲ್ಲೂ ಬಾಳು ಕಟ್ಟಬಹುದು ಎಂಬ ಮಾತು ಆ ಅಧ್ಯಾಯದಲ್ಲೇ ಇತ್ತು. ಅವರ ಕಿವಿಗೆ ಅದು ಬೀಳಲೇ ಇಲ್ಲ.

ಕಾಣಿಕೆಯ ಭಾನುವಾರಗಳಲ್ಲೂ ಇದೇ ಆಗುತ್ತದೆ. ಎರಡು ಕಾಸು ಹಾಕಿದ ಬಡ ವಿಧವೆಯನ್ನು ತೋರಿಸಿ, ಅವಳಂತೆ ಕೊಡಿ ಎನ್ನುತ್ತೇವೆ. ಮಾರ್ಕನ ಸುವಾರ್ತೆಯ 12ನೇ ಅಧ್ಯಾಯದಲ್ಲಿ ಅವಳು ಬರುವುದಕ್ಕೆ ಸ್ವಲ್ಪ ಮುಂಚೆ, ವಿಧವೆಯರ ಮನೆಗಳನ್ನು ನುಂಗುವ ಶಾಸ್ತ್ರಿಗಳನ್ನು ಯೇಸು ಖಂಡಿಸುತ್ತಾನೆ. ಅವಳ ಪ್ರಸ್ತಾಪ ಮುಗಿದೊಡನೆ, ಅದೇ ದೇವಾಲಯದ ಕಲ್ಲಿನ ಮೇಲೆ ಕಲ್ಲು ಉಳಿಯದು ಎನ್ನುತ್ತಾನೆ. ಮೂರನ್ನೂ ಒಟ್ಟಿಗೆ ಓದಿ ನೋಡಿ. ಅವಳ ಭಕ್ತಿ ದೊಡ್ಡದೇ, ಸಂದೇಹವಿಲ್ಲ. ಆದರೆ ಅವಳ ಹತ್ತಿರ ಎರಡೇ ಕಾಸು ಉಳಿದದ್ದು ಹೇಗೆ ಎಂಬ ಪ್ರಶ್ನೆಗೆ ಕಾಣಿಕೆ ಎಣಿಸುವವರು ಉತ್ತರ ಹೇಳಬೇಕಾಗುತ್ತದೆ. ಆ ಪ್ರಶ್ನೆಯನ್ನು ನಮ್ಮ ಪ್ರಸಂಗಗಳು ಕೇಳುತ್ತಿವೆಯೇ?

ವಚನ ಹೇಳಿದ ಮಾತ್ರಕ್ಕೆ ಪ್ರಸಂಗ ವಾಕ್ಯಕ್ಕೆ ನಿಷ್ಠವಾಗಿದೆ ಎಂದಲ್ಲ. ಯೇಸುವನ್ನು ಶೋಧಿಸುವಾಗ ಸೈತಾನನೂ 91ನೇ ಕೀರ್ತನೆಯಿಂದಲೇ ಉದಾಹರಿಸಿದ್ದ.

ಹಾಗಾದರೆ ಕಥೆ ಬೇಡವೇ, ನಗು ಬೇಡವೇ ಎಂದು ಕೇಳುವವರಿದ್ದಾರೆ. ಖಂಡಿತ ಬೇಕು. ದಾವೀದನ ಮುಂದೆ ಪ್ರವಾದಿ ನಾತಾನ ಹೇಳಿದ್ದೂ ಕಥೆಯನ್ನೇ: ಬಡವನ ಒಂದೇ ಒಂದು ಕುರಿಮರಿಯನ್ನು ಕಿತ್ತುಕೊಂಡ ಐಶ್ವರ್ಯವಂತನ ಕಥೆ. ಕಥೆ ಕೇಳಿ ಸಿಟ್ಟಿಗೆದ್ದ ಅರಸ, ಆ ಮನುಷ್ಯ ನೀನೇ ಎಂದು ನಾತಾನ ಹೇಳಿದಾಗ ತಾನೇ ಅಪರಾಧಿ ಎಂದು ತಿಳಿದ. ಕಥೆ ವಾಕ್ಯದ ಬಾಗಿಲು ತೆರೆಯಬೇಕು. ವಾಕ್ಯದ ಜಾಗದಲ್ಲಿ ತಾನೇ ಕೂರಬಾರದು.

ಸಭಾಪಾಲಕರ ಕಷ್ಟವೂ ಗೊತ್ತಿದೆ. ಶನಿವಾರ ಮದುವೆ, ನಡುವೆ ಒಂದು ಅಂತ್ಯಕ್ರಿಯೆ, ಸಂಜೆ ಕಮಿಟಿ ಮೀಟಿಂಗು. ಹಳ್ಳಿ ಕಡೆಯಲ್ಲಾದರೆ ಒಬ್ಬರೇ ಹಲವು ಸಭೆಗಳನ್ನು ನೋಡಿಕೊಳ್ಳಬೇಕು. ಓದಲು ಬಿಡುವು ಕೊಡದೆ ಒಳ್ಳೆಯ ಪ್ರಸಂಗ ಕೇಳುವುದು ನ್ಯಾಯವಲ್ಲ. ಆದ್ದರಿಂದ ನನ್ನ ಮನವಿ ಎಲ್ಲರಲ್ಲೂ.

ಸಭಾಪಾಲಕರೇ, ಒಂದೇ ವಚನದ ಮೇಲೆ ಮಾತಾಡುವುದಾದರೂ ಅದು ಯಾರು ಯಾರಿಗೆ ಯಾವ ಸಂಕಟದಲ್ಲಿ ಹೇಳಿದ ಮಾತು ಎಂಬುದನ್ನು ಮೊದಲು ತಿಳಿಸಿ. ಎಜ್ರನ ಕಾಲದಲ್ಲಿ ನೀರುಬಾಗಿಲಿನ ಮುಂದಿನ ಬಯಲಿನಲ್ಲಿ ಬೆಳಗಿನಿಂದ ನಡುಮಧ್ಯಾಹ್ನದ ತನಕ ಧರ್ಮಶಾಸ್ತ್ರ ಓದಿದರು, ಲೇವಿಯರು ಜನರಿಗೆ ಅರ್ಥ ಬಿಡಿಸಿ ಹೇಳಿದರು. ಕೇಳಿದ ಜನ ಅತ್ತರು, ಆಮೇಲೆ ಹಬ್ಬ ಮಾಡಿದರು. ಅರ್ಥವಾದ ವಾಕ್ಯಕ್ಕೆ ಅಷ್ಟು ಬಲವಿದೆ.

ಕಮಿಟಿಯವರೇ, ಪೇಂಟಿಗೆ, ಸೌಂಡ್ ಸಿಸ್ಟಮ್ಮಿಗೆ ಹಣ ತೆಗೆದಿಡುವಂತೆ ಸಭಾಪಾಲಕರ ಪುಸ್ತಕಗಳಿಗೂ ತೆಗೆದಿಡಿ. ವಾರದಲ್ಲಿ ಒಂದು ದಿನ ಅವರ ಓದಿಗೆ ಬಿಟ್ಟುಕೊಡಿ; ಆ ದಿನ ಯಾವ ಮೀಟಿಂಗಿಗೂ ಕರೆಯಬೇಡಿ.

ಸಭೆಯವರೇ, ಮನೆಯಿಂದ ಸತ್ಯವೇದ ತನ್ನಿ. ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ 1810ರಲ್ಲಿ ಬಳ್ಳಾರಿಗೆ ಬಂದ ಮೇಲೆ ಇಡೀ ಸತ್ಯವೇದ ಕನ್ನಡದಲ್ಲಿ ಅಚ್ಚಾಗಿ ಹೊರಬರುವಷ್ಟರಲ್ಲಿ 1831 ಆಗಿತ್ತು. ಅಷ್ಟು ವರ್ಷಗಳ ದುಡಿಮೆಯಿಂದ ಗ್ರಂಥ ನಮ್ಮ ನಿಮ್ಮಂಥವರ ಕೈಗೆ ಬಂದಿದೆ; ಪ್ರಸಂಗಪೀಠದಲ್ಲಿ ನಿಂತವರಷ್ಟೇ ಓದಲಿ ಎಂದು ಯಾರೂ ದುಡಿಯಲಿಲ್ಲ. ಪ್ರಸಂಗ ಕೇಳುವಾಗ ಅಧ್ಯಾಯ ತೆರೆದಿಟ್ಟುಕೊಳ್ಳಿ, ಮನೆಗೆ ಹೋಗಿ ಮತ್ತೊಮ್ಮೆ ಓದಿ. ಹೊಂದಿಕೆಯಾಗದಿದ್ದರೆ ಬಾಗಿಲಲ್ಲಿ ಕೈಕುಲುಕಿ “ಚೆನ್ನಾಗಿತ್ತು ಅಯ್ಯನವರೇ” ಎಂದು ಹೊರಟುಬಿಡಬೇಡಿ. ವಿನಯದಿಂದ ಕೇಳಿ: “ಅಯ್ಯನವರೇ, ಈ ವಚನದ ಹಿಂದೆ ಮುಂದೆ ಏನಿದೆ, ಸ್ವಲ್ಪ ತಿಳಿಸಿಕೊಡ್ತೀರಾ?” ಇದು ಉದ್ಧಟತನವಲ್ಲ. ಪೌಲ ಹೇಳಿದ್ದು ನಿಜವೋ ಎಂದು ಬೆರೋಯದವರು ದಿನದಿನವೂ ಗ್ರಂಥ ತೆರೆದು ನೋಡುತ್ತಿದ್ದರು. ಅದಕ್ಕಾಗಿ ಅಪೊಸ್ತಲರ ಕೃತ್ಯಗಳು ಅವರನ್ನು ಹೊಗಳುತ್ತದೆ. ಪೌಲನ ಪ್ರಸಂಗವನ್ನೇ ಪರೀಕ್ಷಿಸಬಹುದಾದರೆ ನಮ್ಮ ಭಾನುವಾರದ ಪ್ರಸಂಗವನ್ನೂ ಪರೀಕ್ಷಿಸಬಹುದು. ಬರುವ ಭಾನುವಾರದಿಂದಲೇ ಶುರುಮಾಡೋಣ.