ನಕಲಿದೆ ಎಂದರೆ ಸಾಲದು

ನಮ್ಮ ಸಂಘದ ವರ್ಗಣಿಯ ಲೆಕ್ಕ ಈಗ ಗಣಕಯಂತ್ರದಲ್ಲಿದೆ. ಮುಂಬಯಿಯ ಎಷ್ಟೋ ಹೋಟೆಲುಗಳಲ್ಲಿ ನಮ್ಮ ಹಾಜರಿ, ಮುಂಗಡ, ಸಂಬಳಗಳ ಲೆಕ್ಕವೂ ಅಲ್ಲಿಗೇ ಸೇರಿದೆ. ಇದನ್ನು ನಾವು ಬೇಡವೆನ್ನುವುದಿಲ್ಲ. ಆದರೆ ಅದನ್ನು ಕಾಯುವವರು ಯಾರೆಂದು ಕೇಳುವ ಹಕ್ಕು ನಮಗಿದೆ.

ಕಳೆದ ಮಳೆಗಾಲದಲ್ಲಿ ನಮ್ಮ ಕಚೇರಿಯಲ್ಲೇ ಆದುದನ್ನು ಮುಚ್ಚಿಡದೆ ಹೇಳುತ್ತೇವೆ. ನಮ್ಮ ಲೆಕ್ಕದ ತಂತ್ರಾಂಶ ಡಾಕರ್ ಎಂಬ ವ್ಯವಸ್ಥೆಯ ಕಂಟೇನರಿನಲ್ಲಿ ನಡೆಯುತ್ತದೆ. ಕಂಟೇನರು ಅಡುಗೆಮನೆಯ ಪಾತ್ರೆಯಿದ್ದಂತೆ. ಹೋದರೆ ಅಂಥದೇ ಇನ್ನೊಂದು ಬರುತ್ತದೆ. ಬರೆದ ಲೆಕ್ಕವಿರುವುದು ‘ವಾಲ್ಯೂಮ್’ ಎಂಬ ಬೇರೆ ಜಾಗದಲ್ಲಿ. ಅದು ಗಲ್ಲೆಯ ಪಕ್ಕದ ಉದ್ರಿ ಪುಸ್ತಕ. ಹೋದರೆ ಯಾವ ಅಂಗಡಿಯಲ್ಲೂ ಸಿಗದು. ಹಳೆಯ ಕಂಟೇನರನ್ನು ತೆಗೆಯುವಾಗ ‘ಡೌನ್’ ಎಂಬ ಆಜ್ಞೆಯ ಜೊತೆ ‘ವಿ’ ಎಂಬ ಒಂದಕ್ಷರ ಸೇರಿತು, ವಾಲ್ಯೂಮೂ ಅಳಿಸಿಹೋಯಿತು.

ಪ್ರತಿ ರಾತ್ರಿ ನಕಲಾಗುತ್ತಿದೆಯೆಂದು ನಾವು ಧೈರ್ಯವಾಗಿದ್ದೆವು. ತೆರೆದು ನೋಡಿದರೆ ನಕಲು ಬರಿದು! ವಾಲ್ಯೂಮಿನ ಹೆಸರಿನ ಮುಂದೆ ಡಾಕರ್ ಕಂಪೋಸ್ ಯೋಜನೆಯ ಹೆಸರನ್ನೂ ಸೇರಿಸುತ್ತದೆ. ನಕಲಿನ ಆಜ್ಞೆಯಲ್ಲಿ ಆ ಭಾಗ ಬಿಟ್ಟುಹೋಗಿತ್ತು. ಇಲ್ಲದ ಹೆಸರು ಕೊಟ್ಟರೆ ಡಾಕರ್ ತಪ್ಪೆನ್ನದೆ ಆ ಹೆಸರಿನ ಖಾಲಿ ವಾಲ್ಯೂಮನ್ನು ಹೊಸದಾಗಿ ಮಾಡಿಕೊಡುತ್ತದೆ. ತಿಂಗಳುಗಟ್ಟಲೆ ಆ ಶೂನ್ಯವನ್ನೇ ನಾವು ಜೋಪಾನ ಮಾಡಿದ್ದೆವು. ಕೊನೆಗೆ ರಸೀದಿ ಪುಸ್ತಕಗಳು ನಮ್ಮ ಮಾನ ಉಳಿಸಿದವು.

ದೊಡ್ಡವರೂ ಹೀಗೆ ಎಡವಿದ್ದಾರೆ. 2017ರ ಜನವರಿ 31ರಂದು ಗಿಟ್‌ಲ್ಯಾಬ್ ಕಂಪನಿಯ ದತ್ತಾಂಶ ಕೈತಪ್ಪಿನಿಂದ ಅಳಿದಾಗಲೇ, ನಿತ್ಯದ ನಕಲು ಆಗುತ್ತಲೇ ಇರಲಿಲ್ಲವೆಂದು ಅವರಿಗೆ ತಿಳಿದದ್ದು. ಸುಮಾರು 6 ಗಂಟೆಗಳ ದತ್ತಾಂಶ ಮರಳಿ ಬರಲಿಲ್ಲ.

ಆದ್ದರಿಂದ ನಾವು ಮೂರು ಕಟ್ಟಳೆ ಮಾಡಿಕೊಂಡಿದ್ದೇವೆ. ಬರೆಯುತ್ತಿರುವಾಗಲೇ ತೆಗೆದ ನಕಲು ಅರೆಬರೆಯಾಗಬಹುದು. ಕಂಟೇನರನ್ನು ನಿಲ್ಲಿಸಿ, ಇಲ್ಲವೇ ದತ್ತಾಂಶ ತಂತ್ರಾಂಶದ ಸ್ವಂತ ‘ಡಂಪ್’ ಆಜ್ಞೆಯಿಂದಲೇ ನಕಲು ತೆಗೆಯಬೇಕು. ಒಂದು ನಕಲು ಬೇರೆ ಕಟ್ಟಡದಲ್ಲಿರಬೇಕು. ತಿಂಗಳಿಗೊಮ್ಮೆ ಆ ನಕಲನ್ನು ಬೇರೊಂದು ಯಂತ್ರದ ಹೊಸ ವಾಲ್ಯೂಮಿಗೆ ಇಳಿಸಿ, ಕಂಟೇನರು ನಡೆಸಿ, ಮೊತ್ತವನ್ನು ರಸೀದಿಗಳೊಡನೆ ತಾಳೆ ನೋಡಬೇಕು. ಈ ಮೂರನೆಯದೇ ಮುಖ್ಯ.

ಮಿಲ್ಲಿನ ಹಿರಿಯರಿಗೆ ಇದನ್ನು ಹೇಳಿಕೊಡಬೇಕಿಲ್ಲ. ಮಿಲ್ಲುಗಳು ಮುಚ್ಚಿದ ಮೇಲೆ ಮ್ಹಾಡಾ ಮನೆಗಾಗಿ ಹಳೆಯ ಪಾಸು, ಪಿ.ಎಫ್. ಚೀಟಿ ಹುಡುಕಿ ಅಲೆದವರು ಅವರು. ದಾಖಲೆ ಹೋದರೆ ದುಡಿದ ವರ್ಷಗಳೇ ಹೋದಂತೆ.

ಹೋಟೆಲ್ ಬಂಧುಗಳು ತಮ್ಮ ಧಣಿಗಳನ್ನು ವಿನಯದಿಂದ, ಆದರೆ ಗಟ್ಟಿಯಾಗಿ ಕೇಳಲಿ: ನಮ್ಮ ಲೆಕ್ಕದ ನಕಲನ್ನು ಕೊನೆಯ ಸಲ ತೆರೆದು ನೋಡಿದ್ದು ಯಾವ ತಾರೀಖು? ನಮ್ಮ ತಾರೀಖನ್ನು ನಾವು ಪ್ರತಿ ತಿಂಗಳೂ ಕಚೇರಿಯ ಫಲಕದ ಮೇಲೆ ಬರೆಯುತ್ತೇವೆ. ಬರೆಯದಿದ್ದರೆ ಸದಸ್ಯರು ನಮ್ಮನ್ನೇ ಮೊದಲು ಕೇಳಲಿ.